ಎರಡನೇ ಬಾಣಂತನದ ಒಳಸಂಚು

ಕೈಗೆ ಏನೇ ಸಿಕ್ಕಿದರೂ ಅದನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿ ನೋಡುವ ಕೆಟ್ಟ ಅಭ್ಯಾಸ ನನಗಿದೆ. ಔಷಧಿ ಬಾಟಲಿ, ಬೆಂಕಿಪೊಟ್ಟಣ, ಗೃಹಪ್ರವೇಶಕ್ಕೆ ಬಂದ ಉಡುಗೊರೆಯ ಡಬ್ಬ, ಯಾವುದೂ ತಪ್ಪಿಸಿಕೊಂಡಿಲ್ಲ. ನಾನು ತಿಪಟೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಪರೀಕ್ಷಿಸದೆ ಯಾವುದನ್ನೂ ನಂಬಬಾರದು ಎಂದು ಮಕ್ಕಳಿಗೆ ಹೇಳಿ ಹೇಳಿ ಹೀಗಾಗಿದೆ ಎಂದು ಸ್ಟಾಫ್ ರೂಮಿನಲ್ಲಿ ಸಮರ್ಥಿಸಿಕೊಳ್ಳುತ್ತೇನೆ. ಆದರೆ ಇದು ವಿಜ್ಞಾನವೂ ಅಲ್ಲ, ಏನೂ ಅಲ್ಲ. ಇದು ತೆಂಗಿನ ಸೀಮೆಯಲ್ಲಿ ಹುಟ್ಟಿದವರಿಗೆ ಅಂಟಿಕೊಂಡು ಬರುವ ಜಾಡ್ಯ.

ನಮ್ಮ ಕಡೆ ಕಾಯಿ ಕೆಡವಿದ ಕೂಡಲೇ ಎಲ್ಲವನ್ನೂ ಒಡೆದು ಮಾರುವುದಿಲ್ಲ. ಅಟ್ಟಕ್ಕೆ ಹಾಕಿ, ಹಾಕಿದ್ದನ್ನು ಮರೆತವರ ಹಾಗೆ ವರ್ಷ ತುಂಬುವವರೆಗೂ ಸುಮ್ಮನಿರುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗಬೇಕು. ಆಯಿತೋ ಇಲ್ಲವೋ ಎಂದು ಒಡೆದು ನೋಡುವ ಹಾಗಿಲ್ಲವಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗುಳುಗುಳು ಎಂದರೆ ಇನ್ನೂ ನೀರಿದೆ. ಗಡಗಡ ಎಂದರೆ ಕೊಬ್ಬರಿ ಆಗಿದೆ. ಸದ್ದೇ ಇಲ್ಲವೆಂದರೆ ಒಳಗೇನೋ ಎಡವಟ್ಟಾಗಿದೆ. ಹೊರಗಿನಿಂದ ಚೆನ್ನಾಗಿ ಕಾಣುವುದು ಒಳಗೂ ಚೆನ್ನಾಗಿರುತ್ತದೆ ಎಂದು ನಂಬುವವರು ನಮ್ಮ ಸೀಮೆಯಲ್ಲಿ ಬಹಳ ದಿನ ಬಾಳುವುದಿಲ್ಲ.

ಇಂಥ ಸೀಮೆಯಲ್ಲಿ ಹೆಂಗಸೊಬ್ಬಳು ಎರಡನೇ ಸಲ ಬಸುರಿಯಾದರೆ ಏನಾಗುತ್ತದೆ ಎಂದು ನೀವೇ ಊಹಿಸಿ. ಮೊದಲ ಸಲ ಎಲ್ಲರೂ ಹಾರೈಸುತ್ತಾರೆ. ಎರಡನೇ ಸಲ ಎಲ್ಲರೂ ತಪಾಸಣೆ ಮಾಡುತ್ತಾರೆ. ಪಕ್ಕದ ಮನೆಯಾಕೆ ನಾನು ಹೊಸಿಲು ದಾಟುವಾಗ ಯಾವ ಕಾಲು ಮುಂದಿಡುತ್ತೇನೆ ಎಂದು ನೋಡಿದಳು. ಹಾಲಿನವಳು ಹೊಟ್ಟೆ ಮುಂದಕ್ಕಿದೆಯೋ ಪಕ್ಕಕ್ಕಿದೆಯೋ ಎಂದು ಅಳೆದಳು. "ಮೊದಲನೇದು ಹೆಣ್ಣಲ್ವಾ?" ಎಂದು ಒಬ್ಬೊಬ್ಬರೂ ಕೇಳುವ ಆ ಮೆತ್ತನೆಯ ದನಿ ಇದೆಯಲ್ಲ, ಅದನ್ನು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೌದು, ಮೊದಲನೆಯದು ಹೆಣ್ಣು. ಹೆಸರು ಇಂಚರಾ, ಎಲ್‌ಕೆಜಿ ಓದುತ್ತಾಳೆ, ಮಾತು ಕಡಿಮೆ, ನೋಟ ಜಾಸ್ತಿ. ಅದಕ್ಕೇನೀಗ?

ಇಂಚರಾ ಹುಟ್ಟಿದ್ದು ಸಿಸೇರಿಯನ್ ಆಗಿ. ಪದ್ಧತಿಯಂತೆ ಚೊಚ್ಚಲು ಬಾಣಂತನ ತವರಿನಲ್ಲಿ, ಅಂದರೆ ಅಮ್ಮಸಂದ್ರದಲ್ಲಿ, ನಮ್ಮ ಅಮ್ಮನ ಕೈಯಲ್ಲಿ ಆಯಿತು. ಹಾಲ್ಕುರಿಕೆಯ ನಮ್ಮ ಅತ್ತೆ ಮಾತ್ರ ಆ ಹೊಲಿಗೆಯನ್ನು ಆವತ್ತಿನಿಂದಲೂ ಅಮ್ಮಸಂದ್ರದವರ ತಪ್ಪೆಂದೇ ತಿಳಿದಿದ್ದರು. ಬಸುರಿಯನ್ನು ಕೂರಿಸಿ ಉಣ್ಣಿಸಿದ್ದಕ್ಕೇ ಹೀಗಾಯಿತು, ನಾಲ್ಕು ಬಿಂದಿಗೆ ನೀರು ಹೊರಿಸಿದ್ದರೆ ಮಗು ತಾನಾಗಿ ಜಾರಿ ಬರುತ್ತಿತ್ತು ಎಂಬುದು ಅವರ ವಾದ. ಈ ಮಾತು ಯಾರ ಬಾಯಿಂದಲೋ ಅಮ್ಮನ ಕಿವಿಗೆ ಬಿದ್ದು, ಅಂದಿನಿಂದ ಬೀಗಿತ್ತಿಯರಿಬ್ಬರೂ ಎಣ್ಣೆ ಸೀಗೆಕಾಯಿ. ಮದುವೆ ಮುಂಜಿಗಳಲ್ಲಿ ಎದುರಾದರೆ "ಊಟ ಆಯ್ತಾ" ಎನ್ನುವುದು, ಉತ್ತರಕ್ಕೆ ಕಾಯದೆ ಮುಂದೆ ಹೋಗುವುದು.

ಈ ಸಲ ಹೆರಿಗೆ ಹೇಗೆ, ಎಲ್ಲಿ ಎಂದು ತಿಳಿದುಕೊಳ್ಳೋಣವೆಂದು ನಾನೂ ನಮ್ಮ ಯಜಮಾನರೂ ತಿಪಟೂರಿನ ಲೇಡಿ ಡಾಕ್ಟರ ಹತ್ತಿರ ಹೋದೆವು. ಯಜಮಾನರಿಗೆ ಪೇಟೆಯಲ್ಲಿ ಪಂಪ್‌ಸೆಟ್ ಮೋಟರು ರಿವೈಂಡಿಂಗ್ ಅಂಗಡಿಯಿದೆ. ಸುಟ್ಟ ಮೋಟರನ್ನು ಬಿಚ್ಚಿ ಸರಿ ಮಾಡುವವರಿಗೆ ಜಗತ್ತಿನಲ್ಲಿ ಯಾವುದರ ಮೇಲೂ ಅನುಮಾನವಿಲ್ಲ. ನನಗೆ ಡಾಕ್ಟರ ನಗುವಿನ ಮೇಲೇ ಅನುಮಾನ ಬಂತು. ಹಳೆಯ ಹೊಲಿಗೆ ಚೆನ್ನಾಗಿ ಮಾಯ್ದಿದೆ, ನಡುವೆ ಸಾಕಷ್ಟು ಅಂತರವಿದೆ, ನೋವು ತಾನಾಗಿ ಬಂದರೆ ನಾರ್ಮಲ್‌ಗೆ ಪ್ರಯತ್ನಿಸಬಹುದು, ಆದರೆ ಯಾವ ಹೊತ್ತಿನಲ್ಲಾದರೂ ಆಪರೇಷನ್ ಮಾಡಲು ತಯಾರಿರುವ ಆಸ್ಪತ್ರೆಯಲ್ಲೇ ಆಗಬೇಕು, ಬೇಡವೆಂದರೆ ಮೊದಲೇ ದಿನ ಗೊತ್ತುಮಾಡಿ ಸಿಸೇರಿಯನ್ನೇ ಮಾಡೋಣ ಎಂದರು. ಎರಡನ್ನೂ ಒಂದೇ ನಗುವಿನಲ್ಲಿ ಹೇಳಿದರೆ ಯಾವುದನ್ನು ನಂಬುವುದು? ನಾನು ನಿಮ್ಮ ತಂಗಿಯಾಗಿದ್ದರೆ ಏನು ಹೇಳುತ್ತಿದ್ದಿರಿ ಎಂದು ಕೇಳಿಯೇಬಿಟ್ಟೆ. ನನ್ನ ತಂಗಿ ನಾನು ಹೇಳಿದ್ದು ಒಂದನ್ನೂ ಕೇಳುವುದಿಲ್ಲ ಎಂದರು ಅವರು, ಈ ಸಲ ನಗದೆ. ಆ ಮಾತು ಕೇಳಿದ ಮೇಲೆಯೇ ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು. ನೋವಿಗೆ ಕಾಯುವುದು, ತಿಪಟೂರಿನಲ್ಲೇ ಹೆರುವುದು ಎಂದು ಒಪ್ಪಿ ಬಂದೆ.

ಹೆರುವುದೇನೋ ಗೊತ್ತಾಯಿತು. ಆಮೇಲಿನದು? ಬಾಣಂತನ ಯಾರ ಮನೆಯಲ್ಲಿ, ಎಳೆಗೂಸಿಗೆ ನೀರು ಹಾಕುವವರು ಯಾರು, ರಜೆ ಮುಗಿದ ಮೇಲೆ ನೋಡಿಕೊಳ್ಳುವವರು ಯಾರು ಎಂದು ಮನೆಯಲ್ಲಿ ಎಲ್ಲರೂ ಮಾತಾಡತೊಡಗಿದರು. ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಲಿಲ್ಲ. ಅಷ್ಟು ದಿನ ಇಂಚರಾ ಎಲ್ಲಿರುತ್ತಾಳೆ? ಎಲ್ಲರೂ ಸೇರಿ ಒಂದು ಪ್ರಶ್ನೆಯನ್ನು ಬಿಟ್ಟಿದ್ದಾರೆಂದರೆ ಅದಕ್ಕೆ ಉತ್ತರವನ್ನು ಆಗಲೇ ತೀರ್ಮಾನಿಸಿಕೊಂಡಿದ್ದಾರೆ ಎಂದು ಅರ್ಥ. ಇದು ನನ್ನ ಸ್ವಂತ ಅನುಭವದ ಸಿದ್ಧಾಂತ.

ಅನುಭವ ಹೇಳಿಬಿಡುತ್ತೇನೆ. ನನ್ನ ತಮ್ಮ ಹುಟ್ಟುವ ಮುಂಚೆ, ನಾನು ಇಂಚರಾಳಷ್ಟೇ ಇದ್ದಾಗ, ಒಂದು ಬೆಳಿಗ್ಗೆ ನನಗೆ ಹೊಸ ಲಂಗ ಹಾಕಿ ಎರಡು ಜಡೆ ಹೆಣೆದರು. ಕೈಗೆ ಕೊಬ್ಬರಿ ಮಿಠಾಯಿ ಕೊಟ್ಟರು. ಹುಳಿಯಾರಿನ ಕಡೆಯ ಹಟ್ಟಿಯಲ್ಲಿದ್ದ ಅಜ್ಜಿಯ ಮನೆಗೆ ಹೋಗಿ ಎರಡು ದಿನ ಇದ್ದು ಬಾ ಎಂದರು. ಮಿಠಾಯಿ ಬಾಯಲ್ಲಿ ಕರಗುವ ಮುಂಚೆಯೇ ಬಸ್ಸು ಹೊರಟಿತು. ಹೋದಾಗ ಹೊಲದಲ್ಲಿ ರಾಗಿ ಇನ್ನೂ ಹಸಿರು ಪೈರಾಗಿತ್ತು, ವಾಪಸು ಕರೆದುಕೊಂಡು ಬರುವಷ್ಟರಲ್ಲಿ ಕಣ ಮುಗಿದಿತ್ತು. ಅಜ್ಜಿ ಒಳ್ಳೆಯವಳೇ. ಕುರಿಮರಿಗಳಿದ್ದವು, ಬೆಣ್ಣೆಯಿತ್ತು. ನಾನು ಮಾತ್ರ ಜಗಲಿಯ ಮೇಲೆ ಕೂತು ಬಸ್ಸಿನ ಧೂಳು ನೋಡುತ್ತಿದ್ದೆ. ಕೊನೆಗೆ ಊರಿಗೆ ಬಂದಾಗ ಅಮ್ಮ ಎರಡೂ ಕೈ ಚಾಚಿದಳಂತೆ. ನಾನು ಅಜ್ಜಿಯ ಸೆರಗಿನ ಹಿಂದೆ ಹೋಗಿ ನಿಂತು "ಯಾರಜ್ಜಿ ಇವ್ರು" ಎಂದೆನಂತೆ. ಈ ಕಥೆಯನ್ನು ನಮ್ಮ ಮನೆಯ ಪ್ರತಿ ಮದುವೆಯಲ್ಲೂ ಯಾರಾದರೂ ಹೇಳುತ್ತಾರೆ, ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಇವತ್ತಿಗೂ "ಎರಡು ದಿನ" ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ, ಕಾರಣವಿಲ್ಲದೆ ಸಿಹಿ ಕೊಟ್ಟರೆ ತಿನ್ನುವುದೂ ಇಲ್ಲ.

ಹೀಗಿರುವಾಗ ಅತ್ತೆ ಒಂದು ಭಾನುವಾರ ಹಾಲ್ಕುರಿಕೆಯಿಂದ ಬಂದು, ಕಾಫಿ ಕುಡಿದ ಲೋಟ ಕೆಳಗಿಡುವ ಮುಂಚೆಯೇ ತೀರ್ಪು ಕೊಟ್ಟರು. ಚೊಚ್ಚಲು ತವರಿನವರದ್ದು, ಎರಡನೆಯದು ನಮ್ಮದು, ಅಮ್ಮಸಂದ್ರದ ಕಡೆ ತಲೆ ಹಾಕಿಯೂ ಮಲಗಬೇಡ ಎಂದರು. ದನಿ ಜೋರಾಗಿತ್ತು, ಆದರೆ ಮಾತಾಡುವಾಗ ನನ್ನ ಮುಖ ನೋಡದೆ ಕಿಟಕಿ ನೋಡುತ್ತಿದ್ದರು. ನನಗೆ ಸಿಟ್ಟು ಬಂತು. ಅಮ್ಮನಿಗೆ ಫೋನ್ ಮಾಡಿ ದೂರು ಹೇಳಿದೆ. ಅಮ್ಮ ರೇಗುತ್ತಾಳೆ, ನನ್ನ ಮಗಳ ಬಾಣಂತನ ಮಾಡುವುದಕ್ಕೆ ಅವರ ಅಪ್ಪಣೆ ಬೇಕೇ ಎನ್ನುತ್ತಾಳೆ ಎಂದು ಕಾದೆ. ಅಮ್ಮ ತಣ್ಣಗೆ, ಅವರು ಹೇಳುವುದೂ ಸರಿಯೇ, ಹಿರಿಯರ ಮಾತು ಮೀರಬಾರದು ಎಂದಳು. ನಮ್ಮ ಅಮ್ಮ ನಮ್ಮ ಅತ್ತೆಯ ಮಾತನ್ನು ಸರಿ ಎಂದಿದ್ದು ನನ್ನ ಮದುವೆಯಾದ ಮೇಲೆ ಅದೇ ಮೊದಲು. ನಾನು ಫೋನನ್ನು ಕಿವಿಯಿಂದ ತೆಗೆದು ನಂಬರು ಸರಿಯಾಗಿದೆಯೇ ಎಂದು ನೋಡಿದೆ.

ಅಂದಿನಿಂದ ನಾನು ಕಾವಲು ಕೂತೆ. ಅತ್ತೆಯ ಫೋನಿಗೆ ಮಾಡಿದರೆ ಬೇರೆ ಕರೆಯಲ್ಲಿದ್ದಾರೆ ಎನ್ನುತ್ತಿತ್ತು. ಕೂಡಲೇ ಅಮ್ಮನಿಗೆ ಮಾಡಿದರೆ ಅಲ್ಲೂ ಅದೇ. ಇಬ್ಬರ ಲೈನೂ ಒಟ್ಟಿಗೆ ಖಾಲಿಯಾಗುತ್ತಿತ್ತು. ಮಾವನವರು ಯಾವುದೋ ಮಾತಿಗೆ ಅತ್ತೆ ಅಟ್ಟ ಹತ್ತಿ ಬಾಣಂತನದ ಅಂಟಿನುಂಡೆಗೆಂದು ಒಳ್ಳೊಳ್ಳೆಯ ಕೊಬ್ಬರಿ ಆರಿಸಿ ಇಟ್ಟಿದ್ದಾರೆ ಎಂದರು. ಅದು ಸರಿ. ಯಾವ ಮನೆಯಲ್ಲಿ ಬಾಣಂತನವೋ ಆ ಮನೆಯ ಅಟ್ಟದ ಕೊಬ್ಬರಿ ಇಳಿಯುವುದು ನಮ್ಮಲ್ಲಿ ರೂಢಿ. ಆದರೆ ಅದೇ ವಾರ ನನ್ನ ತಮ್ಮ ಫೋನಿನಲ್ಲಿ, ಅಮ್ಮನೂ ಅವನ ಕೈಯಿಂದ ಅಟ್ಟದ ಕೊಬ್ಬರಿ ಇಳಿಸಿಕೊಂಡು ಆರಿಸಿಟ್ಟಿದ್ದಾಳೆ ಎಂದು ಬಾಯಿಬಿಟ್ಟ. ಒಬ್ಬ ಬಾಣಂತಿಗೆ ಎರಡು ಮನೆಯಲ್ಲಿ ಕೊಬ್ಬರಿಯೇ? ನನಗೆ ಎಲ್ಲವೂ ಹೊಳೆದುಹೋಯಿತು. ನಾನೂ ಕೂಸೂ ಹಾಲ್ಕುರಿಕೆಯಲ್ಲಿ, ಇಂಚರಾ ಅಮ್ಮಸಂದ್ರದಲ್ಲಿ. ಮಕ್ಕಳನ್ನು ಇಬ್ಬರೂ ಹಂಚಿಕೊಂಡಿದ್ದಾರೆ. ಅಮ್ಮನ ಕೊಬ್ಬರಿ ಮಿಠಾಯಿಗೆ!

ಇದನ್ನು ಯಜಮಾನರಿಗೆ ವಿವರಿಸಿದಾಗ ಅವರು ಊಟ ನಿಲ್ಲಿಸಿ ನನ್ನನ್ನೇ ನೋಡಿದರು. ನಿನ್ನ ತಲೆಯಲ್ಲಿ ಒಂದು ಪೊಲೀಸ್ ಠಾಣೆಯೇ ಇದೆ, ಅದಕ್ಕೆ ಸ್ವಲ್ಪ ರಜೆ ಕೊಡು ಎಂದರು. ಅವರ ಮೇಲೂ ನನಗೆ ಅನುಮಾನ ಬಂತು. ಅಂಥವರನ್ನು ಪಿತೂರಿಗೆ ಸೇರಿಸಿಕೊಳ್ಳುವಷ್ಟು ದಡ್ಡರಲ್ಲ ಆ ಇಬ್ಬರು ಹೆಂಗಸರು ಎನಿಸಿ ಬಿಟ್ಟುಕೊಟ್ಟೆ. ಇಂಚರಾ ಅಲ್ಲೇ ಗೋಡೆಗೆ ಒರಗಿ ಆನೆಗೆ ಹಸಿರು ಬಣ್ಣ ಹಚ್ಚುತ್ತಿದ್ದಳು. ಕಳಿಸುವುದು, ಬಿಡುವುದು, ಕರೆದುಕೊಂಡು ಹೋಗುವುದು ಎಂದು ನಾವು ತಿಂಗಳುಗಟ್ಟಲೆ ಅವಳ ಎದುರಿಗೇ ಮಾತಾಡಿದ್ದೆವು.

ಯಾರ ಹಂಗೂ ಬೇಡ, ತಿಪಟೂರಿನಲ್ಲೇ ಇದ್ದುಬಿಡುತ್ತೇನೆ ಎಂದು ಹಟ ಹುಟ್ಟಿತು. ಮಕ್ಕಳನ್ನು ನೋಡಿಕೊಳ್ಳುವ ಮನೆಯೊಂದು ಹೊಸದಾಗಿ ಶುರುವಾಗಿದೆಯೆಂದು ಯಾರೋ ಹೇಳಿದ್ದರಿಂದ ಹೋಗಿ ನೋಡಿದೆ. ಗೋಡೆಯ ತುಂಬ ಚಿಟ್ಟೆಗಳು, ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಸಾಲಾಗಿ ಮಕ್ಕಳು. ಎಲ್ಲವೂ ಒಟ್ಟಿಗೆ ಗಾಢ ನಿದ್ದೆಯಲ್ಲಿ. ಮಧ್ಯಾಹ್ನದ ಊಟ ಆಯಿತಲ್ಲ, ಮಲಗಿವೆ ಎಂದು ಆ ಹೆಂಗಸು ಹೆಮ್ಮೆಯಿಂದ ಹೇಳಿದರು. ಒಂದೇ ಒಂದು ಮಗುವನ್ನು ಮಲಗಿಸಲು ನಾನು ಪಡುವ ಪಾಡು ನನಗೆ ಗೊತ್ತು. ಇಷ್ಟು ಮಕ್ಕಳು ಒಂದೇ ಹೊತ್ತಿಗೆ ಮಲಗಬೇಕಾದರೆ ಊಟದಲ್ಲಿ ಏನು ಬೆರೆಸಿರಬೇಕು? ಬಗ್ಗಿ ಒಂದು ಮಗುವಿನ ಮೂಗಿನ ಹತ್ತಿರ ಕೈ ಹಿಡಿದೆ. ಅದು ಎದ್ದು ಕಿರುಚಿತು, ಅದರ ಹಿಂದೆ ಉಳಿದವೆಲ್ಲ ಎದ್ದು ಕಿರುಚಿದವು. ಮಲಗಿದ್ದು ನಿಜವಾದ ನಿದ್ದೆಯೆಂದು ಖಾತ್ರಿಯಾಯಿತು, ಆದರೆ ಆ ಹೆಂಗಸು ಮತ್ತೆ ನನ್ನನ್ನು ಒಳಗೆ ಬಿಡುವುದು ಅನುಮಾನ.

ಕೊನೆಗೆ ನೇರವಾಗಿ ಅಮ್ಮನನ್ನೇ ಹಿಡಿಯೋಣವೆಂದು, ಯಾರಿಗೂ ಹೇಳದೆ ಒಂದು ರಜಾದಿನ ಬೆಳಿಗ್ಗೆ ಪ್ಯಾಸೆಂಜರ್ ರೈಲು ಹತ್ತಿ ಅಮ್ಮಸಂದ್ರದಲ್ಲಿ ಇಳಿದೆ. ಇಂಚರಾಳನ್ನು ಅವಳಪ್ಪನ ಅಂಗಡಿಯಲ್ಲಿ ಬಿಟ್ಟಿದ್ದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಮನೆಯ ಬಾಗಿಲು ತೆರೆದೇ ಇತ್ತು. ಸದ್ದು ಮಾಡದೆ ಒಳಗೆ ಹೋಗಿ ಹಿತ್ತಲ ಬಾಗಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟೆ.

ಹಿತ್ತಲ ಮೆಟ್ಟಿಲ ಮೇಲೆ ಅಮ್ಮ ಕೂತಿದ್ದಳು. ಅವಳ ಹಿಂದೆ, ಒಂದು ಮೆಟ್ಟಿಲು ಮೇಲೆ, ನಮ್ಮ ಅತ್ತೆ. ಬಾಯಲ್ಲಿ ಬಾಚಣಿಗೆ ಕಚ್ಚಿಕೊಂಡು ಅಮ್ಮನ ತಲೆಗೆ ಎಣ್ಣೆ ತಿಕ್ಕಿ ಜಡೆ ಹಾಕುತ್ತಿದ್ದರು. ಅಮ್ಮನ ಬಲಗೈ ಮಡಿಲಲ್ಲಿ ಯಾರದೋ ಕೈಯಂತೆ ಸುಮ್ಮನೆ ಬಿದ್ದಿತ್ತು.

ನನ್ನನ್ನು ಕಂಡು ಅಮ್ಮ ಏಳಲು ಹೋದಳು. ಎದ್ದೇಳುವಾಗ ನೆಲಕ್ಕೆ ಊರಿದ್ದು ಎಡಗೈ. ಆಮೇಲೆ ಒಂದೊಂದಾಗಿ ಹೊರಬಂತು. ಬಲಭುಜ ಹಿಡಿದುಕೊಂಡು ಎಷ್ಟೋ ತಿಂಗಳಾಗಿದೆ. ಕೈ ಎದೆಯಿಂದ ಮೇಲಕ್ಕೆ ಏಳುವುದಿಲ್ಲ. ತುರುವೇಕೆರೆಯಲ್ಲಿ ತೋರಿಸಿದ್ದಾಳೆ, ವ್ಯಾಯಾಮ ಹೇಳಿದ್ದಾರೆ, ಮೆಲ್ಲಗೆ ಬಿಡುತ್ತದಂತೆ. ತನ್ನ ತಲೆಯನ್ನೇ ಬಾಚಿಕೊಳ್ಳಲಾಗದವಳು ಎಳೆಗೂಸನ್ನು ಕಾಲ ಮೇಲೆ ಹಾಕಿಕೊಂಡು ನೀರು ಹಾಕುವುದು ಹೇಗೆ? ಅದನ್ನು ನನಗೆ ಹೇಳಲು ನಾಚಿಕೆಯಾಗಿ, ಬೇರೆ ದಾರಿ ಕಾಣದೆ, ವರ್ಷಗಳಿಂದ ಮಾತು ಬಿಟ್ಟಿದ್ದ ಬೀಗಿತ್ತಿಗೆ ಫೋನ್ ಮಾಡಿದ್ದಾಳೆ. ಆರಿಸಿಟ್ಟ ಕೊಬ್ಬರಿ, ತವರಿನದ್ದೂ ಅಂಟಿನುಂಡೆಗೆ ಸೇರಲೆಂದು ಹಾಲ್ಕುರಿಕೆಗೆ ಕಳಿಸಲು ಇಟ್ಟದ್ದಂತೆ.

ಅತ್ತೆ ಬಾಯಿಂದ ಬಾಚಣಿಗೆ ತೆಗೆದರು. "ಮಗಳ ಬಾಣಂತನಕ್ಕೆ ಆಗ್ದೋಳು ಅಂತ ಅನ್ನಿಸ್ಕಬಾರ್ದು ಅಂತ ಅಳ್ತಿದ್ರು ಕಣಮ್ಮ. ಎರಡನೇದು ನಮ್ದು ಅಂತ ನಾನೇ ಜಗಳ ತೆಗೀತೀನಿ ಬುಡಿ ಅಂದೆ. ಹೆಂಗೂ ಸೊಸೆ ಕಣ್ಣಿಗೆ ಅತ್ತೆ ಕೆಟ್ಟೋಳೇಯ."

ನನ್ನ ಅನುಮಾನಕ್ಕೆ ಮರ್ಯಾದೆ ಇಲ್ಲ, ಅಷ್ಟರಲ್ಲೂ ತಲೆ ಎತ್ತಿತು. ಇಂಚರಾ ಎಲ್ಲಿರುತ್ತಾಳೆ ಎಂದು ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಲೆಕ್ಕ ಪೂರಾ ತಪ್ಪಿರಲಿಲ್ಲ. ಕೂಸನ್ನು ಎತ್ತಲಾರೆ, ಅಷ್ಟುದ್ದದ ಹುಡುಗಿಯನ್ನು ನೋಡಿಕೊಳ್ಳಲು ಒಂದು ಕೈ ಸಾಕು, ಇಲ್ಲಿನ ಶಾಲೆಗೆ ಬಿಟ್ಟು ಬರುತ್ತೇನೆ, ಎಲ್ಲ ಸ್ವಲ್ಪ ದಿನ ತಾನೆ ಎಂದಳು ಅಮ್ಮ.

ಬೇಡ ಎಂದೆ. ಅವಳನ್ನು ಎಲ್ಲಿಗೂ ಕಳಿಸುವುದಿಲ್ಲ, ಬಾಣಂತನವೇ ಇಲ್ಲದಿದ್ದರೂ ಸರಿ ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

"ಹುಳಿಯಾರಿಗೆ ಕಳ್ಸಿದ್ದು ನೀನು ಮರ್ತಿಲ್ಲ ಅಲ್ವಾ?" ಎಂದಳು ಅಮ್ಮ. "ನೀನು ನನ್ನ ಯಾರು ಅಂತ ಕೇಳಿದ್ನ ನಾನೂ ಮರ್ತಿಲ್ಲ ಕಣೇ."

ಮದುವೆ ಮನೆಗಳಲ್ಲಿ ಆ ಕಥೆಗೆ ಎಲ್ಲರೂ ನಗುವಾಗ ಅಮ್ಮ ಯಾವಾಗಲೂ ಬಡಿಸಲು ಎದ್ದು ಹೋಗುತ್ತಿದ್ದಳು ಎನ್ನುವುದು ನನಗೆ ಅವತ್ತು ನೆನಪಾಯಿತು. ಅವಳ ಪಕ್ಕದಲ್ಲಿ ಕೂತು, ಅತ್ತೆ ಅರ್ಧಕ್ಕೆ ಬಿಟ್ಟಿದ್ದ ಜಡೆಯನ್ನು ನಾನು ಮುಗಿಸಿದೆ. ಅತ್ತೆ ಅಲ್ಲಿಯೇ ಇನ್ನೊಂದು ತೀರ್ಪು ಕೊಟ್ಟರು. ಹಾಲ್ಕುರಿಕೆಯೂ ಬೇಡ, ಅಮ್ಮಸಂದ್ರವೂ ಬೇಡ. ಹಸು ಕರುಗಳನ್ನು ಮಾವನವರು ನೋಡಿಕೊಳ್ಳಲಿ, ತಾನೇ ತಿಪಟೂರಿಗೆ ಬಂದು ಕೂಸಿಗೂ ಬಾಣಂತಿಗೂ ನೀರು ಹಾಕುತ್ತೇನೆ, ರಜೆ ಮುಗಿದ ಮೇಲೂ ಇರುತ್ತೇನೆ, ಇಂಚರಾ ಅವಳ ಶಾಲೆಗೇ ಹೋಗುತ್ತಿರಲಿ, ಬೀಗಿತ್ತಿಯೂ ಬಂದಿದ್ದು ಕೂತಲ್ಲೇ ಅಂಟಿನುಂಡೆ ಹೇಗೆ ಕಟ್ಟಬೇಕೆಂದು ತಪ್ಪು ಹುಡುಕಲಿ ಎಂದರು. ಅಮ್ಮ ನಕ್ಕಳು. ನಾನು ಹಗುರಾಗಿ ರೈಲು ಹತ್ತಿದೆ. ಠಾಣೆಗೆ ಬೀಗ ಹಾಕಿ ಬಂದೆ ಎಂದು ಯಜಮಾನರಿಗೂ ಹೇಳಿದೆ.

ಮುಂದಿನ ವಾರ ಸಂಜೆ ಅತ್ತೆ ಬಂದಿಳಿದರು. ಕೈಯಲ್ಲಿ ದೊಡ್ಡ ಬಟ್ಟೆಯ ಬ್ಯಾಗು, ಹಿಂದೆ ಕೊಬ್ಬರಿ ಚೀಲ. ಇಂಚರಾ ಬಾಗಿಲಲ್ಲಿ ನಿಂತು ಅಜ್ಜಿಯನ್ನೂ ಬ್ಯಾಗನ್ನೂ ನೋಡಿದಳು. ಒಳಗೆ ಹೋದಳು. ಕಾಫಿ ಸೋಸುತ್ತಿದ್ದ ನಾನು ತಿರುಗಿ ನೋಡುವಷ್ಟರಲ್ಲಿ ಹಬ್ಬದ ಫ್ರಾಕು ಹಾಕಿಕೊಂಡು ಬಂದಿದ್ದಳು. ಹಿಂದಿನ ಗುಂಡಿ ಮುಂದೆ ಬಂದಿತ್ತು. ಬೆನ್ನಿಗೆ ಸ್ಕೂಲ್ ಬ್ಯಾಗು, ಅದರ ಬಾಯಿಂದ ಅವಳ ದಿಂಬಿನ ಮೂಲೆ ಹೊರಗೆ ಕಾಣುತ್ತಿತ್ತು. ಕಾಲಿಗೆ ಚಪ್ಪಲಿ. ನೇರವಾಗಿ ಹೋಗಿ ಅತ್ತೆಯ ಕೈ ಹಿಡಿದಳು.

"ನಡಿ ಅಜ್ಜಿ. ನಾನು ಅಳಲ್ಲ."

ಅತ್ತೆಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಊರವರನ್ನೆಲ್ಲ ತಪಾಸಣೆ ಮಾಡಿದವಳು ನಾನು, ಯಾರನ್ನು ಕಳಿಸಬಾರದೆಂದು ಅಷ್ಟೆಲ್ಲ ಓಡಾಡಿದೆನೋ ಅವಳಿಗೇ ಒಂದು ಮಾತು ಹೇಳಿರಲಿಲ್ಲ. ನೆಲಕ್ಕೆ ಕೂತು ಅವಳನ್ನು ಎಳೆದುಕೊಂಡೆ. ಎಲ್ಲಿಗೂ ಕಳಿಸುವುದಿಲ್ಲ, ಅಜ್ಜಿ ಇಲ್ಲೇ ಇರಲು ಬಂದಿದ್ದಾರೆ, ಪಾಪು ಬಂದಮೇಲೂ ನೀನು ನನ್ನ ಪಕ್ಕದಲ್ಲೇ ಮಲಗುವುದು ಎಂದು ಮತ್ತೆ ಮತ್ತೆ ಹೇಳಿದೆ. ಅವಳು ಬಿಡಿಸಿಕೊಳ್ಳಲಿಲ್ಲ, ಒರಗಲೂ ಇಲ್ಲ. ನನ್ನ ಮುಖವನ್ನು ಹುಬ್ಬು ಗಂಟಿಕ್ಕಿ ನೋಡಿದಳು. ಆಮೇಲೆ ಅಜ್ಜಿಯ ಮುಖ ನೋಡಿದಳು. "ಹೂಂ" ಎಂದಳು.

ಬ್ಯಾಗು ಇಳಿಸಿದಳು. ಚಪ್ಪಲಿ ಬಿಚ್ಚಲಿಲ್ಲ. ಹೊಸಿಲ ಒಳಗೆ ಚಪ್ಪಲಿ ಇಟ್ಟರೆ ಮಾವನವರನ್ನೂ ಬಿಡದೆ ಗದರುವ ನಮ್ಮ ಅತ್ತೆ ಏನೂ ಹೇಳಲಿಲ್ಲ. ಇಂಚರಾ ಚಪ್ಪಲಿಯಲ್ಲೇ ಅಡುಗೆಮನೆಗೆ ಬಂದಳು, ಚಪ್ಪಲಿಯಲ್ಲೇ ಮಣೆಯ ಮೇಲೆ ಕೂತಳು. ಅತ್ತೆ ಅವಳ ಪಕ್ಕದಲ್ಲಿ ಕೂತು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ಒಂದೊಂದೇ ತುತ್ತು ಬಾಯಿಗಿಟ್ಟರು. ನಾನೂ ಬಿಚ್ಚು ಎನ್ನಲಿಲ್ಲ.